ಬೆಲ್ಟಿಗೆ ಹಿಡಿದ ಎರಡು ಟಕ್ಸ್

ರಿಪೇರಿ ಅಕ್ಕ ಹೊಸ ಬಟ್ಟೆ ಹೊಲಿದವಳೇ ಅಲ್ಲ. ಮೂವತ್ತು ವರ್ಷದಿಂದ ಅವಳದು ಒಂದೇ ಕಸುಬು, ಬೇರೆಯವರು ಕೆಡಿಸಿದ್ದನ್ನು ಸರಿಮಾಡುವುದು. ದಪ್ಪಗಾದವರಿಗೆ ಬಿಚ್ಚಿ ಕೊಡುತ್ತಿದ್ದಳು, ತೆಳ್ಳಗಾದವರಿಗೆ ಹಿಡಿದು ಕೊಡುತ್ತಿದ್ದಳು. ಸಿಗರೇಟಿನ ಕಿಡಿ ತಾಗಿ ತೂತಾದ ಕೋಟಿಗೆ ಅದೇ ಕೋಟಿನ ಒಳಮಡಿಕೆಯಿಂದ ಎಳೆ ಕಿತ್ತು ರಫು ಹಾಕುತ್ತಿದ್ದಳು. ಬಟ್ಟೆ ಇಸಕೊಂಡವರು ಅದನ್ನು ಬೆಳಕಿಗೆ ಹಿಡಿದು ಒಂದೇ ಮಾತು ಹೇಳುತ್ತಿದ್ದರು: "ಎಲ್ಲಿ ಹೊಲಿದ್ರೋ ಗೊತ್ತೇ ಆಗಲ್ಲ."

ಆ ಮಾತನ್ನು ಯಾವತ್ತೂ ಹೇಳದೆ ಇದ್ದವರು ಒಬ್ಬರೇ, ಅವಳ ಅತ್ತೆ. ಎಪ್ಪತ್ತೆಂಟರ ಆ ಹೆಂಗಸು ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತು ಗುಂಡಿ ಹಚ್ಚುತ್ತಾ, ಸೊಸೆ ಮುಗಿಸಿದ ಪ್ರತಿ ಬಟ್ಟೆಯನ್ನೂ ಕನ್ನಡಕದ ಹತ್ತಿರ ಹಿಡಿಯುತ್ತಿದ್ದರು. "ಇಗೋ, ಇಲ್ಲಿ ಹೊಲಿದಿದ್ದೀಯ" ಎಂದು ಬೆರಳಿಟ್ಟು ತೋರಿಸಿದ ಮೇಲೆಯೇ ಅವರಿಗೆ ಸಮಾಧಾನ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಆ ಬೆರಳು ಜಾಗ ತಪ್ಪಿರಲಿಲ್ಲ.

ಇಂಥ ಅಕ್ಕನಿಗೆ ಮೆಷಿನ್ ತುಳಿಯುವಾಗ ಏದುಸಿರು ಶುರುವಾಯಿತು. ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತು. ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಮೈಯಲ್ಲಿ ಗಾಯವಿಲ್ಲ, ನೋವಿಲ್ಲ, ಆದರೂ ರಕ್ತ ಎಲ್ಲಿಗೋ ಸೋರಿಹೋಗುತ್ತಿತ್ತು. ಬಾಯಿಂದ ಕೊಳವೆ ಇಳಿಸಿ ಜಠರ ನೋಡಿದರು, ಚೆನ್ನಾಗಿತ್ತು. ಕೆಳಗಿಂದ ಏರಿಸಿ ದೊಡ್ಡ ಕರುಳು ನೋಡಿದರು, ಅದೂ ಚೆನ್ನಾಗಿತ್ತು. ಎರಡರ ನಡುವೆ ಮಾರುಗಟ್ಟಲೆ ಸಣ್ಣ ಕರುಳು ಸುರುಳಿ ಸುತ್ತಿಕೊಂಡು ಬಿದ್ದಿತ್ತು, ಅಲ್ಲಿಗೆ ಈ ಎರಡು ಕೊಳವೆಗಳೂ ಮುಟ್ಟುವುದಿಲ್ಲ. ಬಾಟಲಿಗಟ್ಟಲೆ ಬೇರೆಯವರ ರಕ್ತ ಏರಿಸಿಕೊಂಡು ಎಂಟು ತಿಂಗಳು ಕಳೆದಳು.

"ಒಂದು ಗುಳಿಗೆ ನುಂಗಬೇಕು" ಎಂದರು ಡಾಕ್ಟರಮ್ಮ. ಅವರ ಬಿಳಿ ಕೋಟಿನ ತೋಳು ಎರಡು ಬೆರಳು ಉದ್ದವಿದೆ ಎಂಬುದನ್ನು ಅಕ್ಕ ಮೊದಲ ದಿನವೇ ಗಮನಿಸಿದ್ದಳು. "ಅದರೊಳಗೆ ಕ್ಯಾಮರಾ ಇದೆ. ಕರುಳಲ್ಲಿ ಹೋಗ್ತಾ ಹೋಗ್ತಾ ಫೋಟೋ ತೆಗೆಯುತ್ತೆ, ನಿಮ್ಮ ಹೊಟ್ಟೆಗೆ ಕಟ್ಟೋ ಬೆಲ್ಟ್ ಅದನ್ನ ಹಿಡಿದಿಟ್ಟುಕೊಳ್ಳುತ್ತೆ. ಬೆಲ್ಟ್ ಬಿಚ್ಚಬೇಡಿ ಅಷ್ಟೇ, ಓಡಾಡಿಕೊಂಡಿರಿ. ಸಂಜೆ ಬನ್ನಿ."

ಓಡಾಡಿಕೊಂಡಿರಿ ಎಂದರೆ ಅಕ್ಕನ ಲೆಕ್ಕದಲ್ಲಿ ಅಂಗಡಿಗೆ ಹೋಗಿ ಎಂದೇ ಅರ್ಥ. ಬೆಲ್ಟಿನ ಒಳಗೆ ಗುಳಿಗೆಯ ಸಂಕೇತ ಹಿಡಿಯುವ ಎರಡು ಸಾಲು ಬಿಲ್ಲೆಗಳಿದ್ದವು, ಪಕ್ಕೆಲುಬಿನ ಕೆಳಗೆ ಒಂದು ಸಾಲು, ಕಿಬ್ಬೊಟ್ಟೆಯ ಮೇಲೆ ಇನ್ನೊಂದು. ಮೆಷಿನ್ನಿಗೆ ಬಗ್ಗಿದಾಗಲೆಲ್ಲ ಮೇಲಂಚು ಎದೆಗೂಡಿಗೆ ಚುಚ್ಚುತ್ತಿತ್ತು. ನೋವನ್ನಾದರೂ ಸಹಿಸಿಯಾಳು, ಅಳತೆ ತಪ್ಪಿದ ಉಡುಪನ್ನು ಸಹಿಸಿಕೊಳ್ಳುವ ಜಾಯಮಾನ ಅವಳದಲ್ಲ. ಮಧ್ಯಾಹ್ನದ ಹೊತ್ತಿಗೆ ಸೂಜಿ ತಗೊಂಡು, ಬೆಲ್ಟ್ ಮೈಮೇಲಿದ್ದ ಹಾಗೆಯೇ ಬಟ್ಟೆಯನ್ನು ಮಡಿಚಿ ಅಡ್ಡಡ್ಡ ಎರಡು ಟಕ್ಸ್ ಹಿಡಿದು ಕಚ್ಚಾ ಹೊಲಿಗೆ ಹಾಕಿದಳು. ಮೇಲಂಚು ನಾಲ್ಕು ಬೆರಳು ಕೆಳಗಿಳಿದು ಹಾಯಾಗಿ ಕೂತಿತು.

"ಆಸ್ಪತ್ರೆಯವರ ವಸ್ತು ಕಣೇ, ಬೈಸ್ಕೋತೀಯ" ಎಂದರು ಅತ್ತೆ.

"ಬಿಲ್ಲೆಗೆ ಸೂಜಿ ತಾಗಿಸಿಲ್ಲ ಅತ್ತೆ. ಸಂಜೆ ಬಿಚ್ಚಿಬಿಡ್ತೀನಿ. ಗೊತ್ತಾದ್ರೆ ನನ್ನ ಹೆಸರು ಬದಲಾಯಿಸಿ."

ಬಿಚ್ಚಿದಳು. ನರ್ಸು ಬೆಲ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಳಗಿಟ್ಟಳು. ಯಾರಿಗೂ ಗೊತ್ತಾಗಲಿಲ್ಲ, ಬಂದ ಎಡವಟ್ಟೂ ಅದರಿಂದಲೇ.

ಸಾವಿರಾರು ಫೋಟೋಗಳನ್ನು ಡಾಕ್ಟರಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರು. ಎರಡೇ ಎರಡು ಫೋಟೋದಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ, ಪಕ್ಕದಲ್ಲಿ ಒಂದು ಎಳೆ ರಕ್ತ. "ಗುಳಿಗೆ ಎಲ್ಲಾನೂ ನೋಡುತ್ತೆ, ಆದ್ರೆ ಅದಕ್ಕೆ ಕೈ ಇಲ್ಲ" ಎಂದು ವಿವರಿಸಿದರು. "ನಿಂತು ನೋಡು ಅಂದ್ರೆ ನಿಲ್ಲಲ್ಲ, ಸುಡು ಅಂದ್ರೆ ಸುಡಲ್ಲ. ಅದಕ್ಕೆ ಬಲೂನಿನ ಕೊಳವೆ ಬೇಕು. ಬಲೂನು ಊದಿ ಒಳಗಿಂದ ಹಿಡ್ಕೊಳ್ಳೋದು, ಕರುಳನ್ನ ನೆರಿಗೆ ನೆರಿಗೆಯಾಗಿ ಕೊಳವೆ ಮೇಲೆ ಎಳ್ಕೊಳ್ಳೋದು, ಮತ್ತೆ ಮುಂದಕ್ಕೆ ಹೋಗೋದು."

"ಪೈಜಾಮಕ್ಕೆ ಲಾಡಿ ಪೋಣಿಸ್ತೀವಲ್ಲ, ಪಿನ್ನು ಮುಂದೆ ತಳ್ಳಿ ಬಟ್ಟೆ ಹಿಂದಕ್ಕೆ ಎಳೆದು, ಹಾಗೆ!" ಎಂದಳು ಅಕ್ಕ.

"ಅದೇ ಅದೇ! ಆದ್ರೆ ಒಂದೇ ಕಡೆಯಿಂದ ಪೂರ್ತಿ ಹೋಗೋಕಾಗಲ್ಲ. ಬಾಯಿಂದ ಹೋಗಬೇಕೋ ಕೆಳಗಿಂದ ಹೋಗಬೇಕೋ ಅಂತ ಮೊದಲೇ ಗೊತ್ತಿರಬೇಕು." ಗುಳಿಗೆ ಅಲ್ಲಲ್ಲಿ ನಿಂತು ನಿಂತು ಸಾಗಿದ್ದರಿಂದ ಗಡಿಯಾರ ನೋಡಿ ಜಾಗ ಹೇಳುವಂತಿರಲಿಲ್ಲ. ಗುಳಿಗೆ ಯಾವ ಬಿಲ್ಲೆಗೆ ಹತ್ತಿರವಿತ್ತು ಎಂಬುದರ ಮೇಲೆ ಬೆಲ್ಟು ಬರೆದ ನಕ್ಷೆಯಲ್ಲಿ ಚುಕ್ಕೆ ಮೇಲ್ಭಾಗದಲ್ಲಿತ್ತು. ಅದನ್ನೇ ನಂಬಿ ಬಾಯಿಂದ ಹೋದರು. ಹೋಗಲಾದಷ್ಟು ದೂರ ಹೋದರೂ ಏನೂ ಸಿಗಲಿಲ್ಲ. ತಲುಪಿದ ಕೊನೆಯಲ್ಲಿ ಶಾಯಿಯಿಂದ ಒಂದು ಗುರುತು ಹಾಕಿ ವಾಪಸ್ಸು ಬಂದರು.

ಅಷ್ಟರಲ್ಲಿ ಹಿಮೋಗ್ಲೋಬಿನ್ ಮತ್ತೆ ಕುಸಿದಿತ್ತು. ಸರ್ಜನ್ ಗುರುವಾರಕ್ಕೆ ಆಪರೇಷನ್ ಎಂದರು. ಹೊಟ್ಟೆ ತೆರೆದು, ಕರುಳನ್ನು ಕೈಯಲ್ಲೇ ಹಿಡಿದು, ಆ ತುದಿಯಿಂದ ಈ ತುದಿವರೆಗೆ ಹುಡುಕುವುದು ಅವರ ಯೋಚನೆ. ಗುರುತು ಹಾಕದೆ ಕತ್ತರಿ ಹಾಕಬಾರದು ಎಂದು ಎಷ್ಟು ಜನ ಕಲಿಯುವವರಿಗೆ ಅಕ್ಕ ತಾನೇ ಹೇಳಿಕೊಟ್ಟಿದ್ದಳು! ಈಗ ಅವಳ ಹೊಟ್ಟೆಗೇ ಗುರುತಿಲ್ಲದ ಕತ್ತರಿ. ಅವಳಿಗೆ ನಿಜವಾಗಿ ಹೆದರಿಕೆಯಾಯಿತು, ಸಾಯುವಷ್ಟು ಹೆದರಿಕೆ.

ಸೋಮವಾರ ಡಾಕ್ಟರಮ್ಮ ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಪರದೆಯ ಮೇಲೆ ನಕ್ಷೆ ತೋರಿಸಿದರು. ಅವರ ಮುಖವೂ ಬಾಡಿತ್ತು. "ನೋಡಿ, ಚುಕ್ಕೆ ಇಲ್ಲಿ ಕಂಡಿತ್ತು, ಪಕ್ಕೆಲುಬಿನ ಕೆಳಗೆ. ಬೆಲ್ಟಿನ ಮೇಲಿನ ಸಾಲಿದೆಯಲ್ಲ, ಅದಕ್ಕೆ ತೀರಾ ಹತ್ತಿರ. ಆದ್ರೆ ಅಲ್ಲಿ ಏನೂ ಇಲ್ಲ. ನನಗೇ ತಲೆಬುಡ ಅರ್ಥವಾಗ್ತಿಲ್ಲ."

ಮೇಲಿನ ಸಾಲು. ಅಕ್ಕನ ಕೈ ತಾನಾಗಿ ಎದೆಗೂಡಿನ ಹತ್ತಿರ ಹೋಯಿತು. ಅಲ್ಲಿಂದ ನಾಲ್ಕು ಬೆರಳು ಕೆಳಗಿಳಿಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮೇಜಿನ ಕೆಳಗೆ ತೊಡೆ ಚಿವುಟಿದರು. ಬೇಡ ಎಂದು ಅದರ ಅರ್ಥ. ಹೇಳಿದರೆ ಮಾನ ಹೋಗುತ್ತದೆ, ಡಾಕ್ಟರ ಸಿಟ್ಟಿಗೂ ಗುರಿಯಾಗಬೇಕು. ಸಿಟ್ಟು ಬಂದ ಡಾಕ್ಟರ ಕೈಗೆ ಯಾರಾದರೂ ಹೊಟ್ಟೆ ಕೊಡುತ್ತಾರೆಯೇ? ಅಕ್ಕ ಅತ್ತೆಯ ಕೈಯನ್ನು ತೊಡೆಯಿಂದ ಸರಿಸಿದಳು.

"ಮೇಡಂ, ನಂದೊಂದು ತಪ್ಪಾಗಿದೆ" ಎಂದಳು ಕೊನೆಗೆ. "ಆ ಬೆಲ್ಟಿಗೆ ನಾನು ಎರಡು ಟಕ್ಸ್ ಹಿಡಿದಿದ್ದೆ. ಮೇಲಿನ ಸಾಲು ಕೆಳಗಿಳಿದಿತ್ತು."

"ನನಗೇನೂ ಗೊತ್ತಿಲ್ಲಮ್ಮ, ನಾನು ಗುಂಡಿ ಹಚ್ತಿದ್ದೆ!" ಎಂದರು ಅತ್ತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಡಾಕ್ಟರಮ್ಮ ಬೈಯಲಿಲ್ಲ. ಬೆಲ್ಟ್ ತರಿಸಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಹುಡುಕಿದರು. "ಎಲ್ಲಿ? ಒಂದು ಗುರುತೂ ಇಲ್ವಲ್ಲ?"

"ಕಾಣಬಾರದು ಅಂತಲೇ ಹೊಲಿದದ್ದು ಮೇಡಂ" ಎಂದಳು ಅಕ್ಕ ತಲೆ ತಗ್ಗಿಸಿ. ತನ್ನ ಕೈಚಳಕದ ಬಗ್ಗೆ ಅವಳಿಗೆ ನಾಚಿಕೆಯಾದದ್ದು ಅದೇ ಮೊದಲು.

ಚೀಲದಿಂದ ಸೂಜಿ ತೆಗೆದು, ಬೆಲ್ಟ್ ಕಟ್ಟಿಸಿಕೊಂಡು, ಅದೇ ಎರಡು ಟಕ್ಸನ್ನು ಅದೇ ಜಾಗದಲ್ಲಿ ಮತ್ತೆ ಹಾಕಿದಳು. ಈ ಸಲ ಕೆಂಪು ದಾರದಲ್ಲಿ, ಅರ್ಧ ಬೆರಳುದ್ದದ ಹೊಲಿಗೆ, ಕುರುಡನಿಗೂ ಕಾಣುವ ಹಾಗೆ. ಡಾಕ್ಟರಮ್ಮ ಇಳಿದ ಬಿಲ್ಲೆಗಳ ಮೇಲೆ ಬೆರಳಿಟ್ಟು ಅಳೆದರು, ಪರದೆ ನೋಡಿದರು, ಮತ್ತೆ ಅಳೆದರು. "ಅಂದ್ರೆ ನಾನು ಮೇಲಿದೆ ಅಂದ್ಕೊಂಡಿದ್ದು ಕೆಳಗಿರಬಹುದು. ನಾನು ಹೋದ ಬಾಗಿಲೇ ತಪ್ಪು" ಎಂದವರೇ ಸರ್ಜನ್‌ಗೆ ಫೋನ್ ಮಾಡಿ ಆಪರೇಷನ್ನಿಗೆ ಮುಂಚೆ ಬುಧವಾರ ತಾನು ಇನ್ನೊಮ್ಮೆ ಹುಡುಕಿ ನೋಡುವುದಾಗಿ ಹೇಳಿದರು.

ಬುಧವಾರ ಬೆಳಿಗ್ಗೆ ಕೆಳಗಿಂದ ಹೊರಟರು. ಮಂಪರಿನ ಸೂಜಿ ಚುಚ್ಚುವಾಗ ಅಕ್ಕ ಹೇಳಿದಳು: "ಮೇಡಂ, ಮೇಲಿಂದ ಹಾಕಿದ ಶಾಯಿ ಗುರುತು ಸಿಗೋವರೆಗೂ ಬಿಡಬೇಡಿ. ಎರಡು ಕಡೆಯಿಂದ ಹೊಲಿದಾಗ ನಡುವೆ ಬಿಟ್ಟುಹೋಗೋದೇ ಜಾಸ್ತಿ."

ಕಣ್ಣು ಬಿಟ್ಟಾಗ ಡಾಕ್ಟರಮ್ಮ ಪಕ್ಕದಲ್ಲೇ ನಿಂತಿದ್ದರು. "ಶಾಯಿವರೆಗೂ ಹೋದೆ. ಅದಕ್ಕಿಂತ ಒಂದು ಗೇಣು ಈಚೆಗೇ ಸಿಕ್ತು. ಬಾಯಿಂದ ಹೋದಾಗ ಇನ್ನೊಂದು ಗೇಣು ದಾಟಿದ್ರೆ ಸಿಗ್ತಿತ್ತು ನೋಡಿ! ಒಂದು ಸಣ್ಣ ರಕ್ತನಾಳ ಬಾಯಿ ಬಿಟ್ಕೊಂಡಿತ್ತು. ಸುಟ್ಟು ಮುಚ್ಚಿದ್ದೀನಿ."

"ಕತ್ತರಿ?"

"ಬೇಡ."

ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, "ಆ ಕೋಟು ಬಿಚ್ಚಿ ಕೊಡಿ ಮೇಡಂ, ತೋಳು ಎರಡು ಬೆರಳು ಉದ್ದ ಇದೆ" ಎಂದಳು.

ಆರು ವಾರ ಕಳೆದ ಮೇಲೂ ಹಿಮೋಗ್ಲೋಬಿನ್ ಇಳಿದಿರಲಿಲ್ಲ, ಹನ್ನೊಂದಕ್ಕೆ ಏರಿತ್ತು. ಫಲಿತಾಂಶದ ಕಾಗದ ಹಿಡಿದು ಅಂಗಡಿಗೆ ಬಂದ ಸೊಸೆಯನ್ನು ಅತ್ತೆ ಪರದೆಯ ಹಿಂದೆ, ಬಟ್ಟೆ ಹಾಕಿ ನೋಡುವ ಜಾಗಕ್ಕೆ ಕರೆದರು. ದೀಪ ಹಾಕಿ, ಕನ್ನಡಕ ಒರೆಸಿಕೊಂಡು, "ಸೆರಗು ಸರಿಸು" ಎಂದರು. ಸೊಸೆಯ ಹೊಟ್ಟೆಯನ್ನು ಪಕ್ಕೆಲುಬಿನಿಂದ ಕಿಬ್ಬೊಟ್ಟೆಯವರೆಗೆ ಇಂಚಿಂಚೂ ನೋಡಿದರು. ಗುಂಡಿ ಹಚ್ಚಿ ಹಚ್ಚಿ ಒರಟಾದ ಬೆರಳಿನಿಂದ ಸವರಿ ಹುಡುಕಿದರು. ಬೆರಳು ಎಲ್ಲೂ ನಿಲ್ಲಲಿಲ್ಲ.

"ಎಲ್ಲಿ ಹೊಲಿದ್ರೋ ಗೊತ್ತೇ ಆಗಲ್ಲ" ಎಂದರು ಅತ್ತೆ.