ನಾಲಿಗೆ ಮೇಸ್ತ್ರಿ ಮತ್ತು ಹಾರಿಹೋಗದ ಸೋಡಾ

ನಾಲಿಗೆ ಮೇಸ್ತ್ರಿಯ ಮುತ್ತಾತ ಸ್ವಂತ ತಲೆಯ ಮೇಲೆ ಇಟ್ಟಿಗೆ ಹೊತ್ತು ಬ್ರೆಡ್ಡಿನ ಭಟ್ಟಿ ಕಟ್ಟಿದವನು. ಹೊಳೆ ಉಕ್ಕಿ ಅರ್ಧ ಊರು ನೀರಲ್ಲಿ ನಿಂತಾಗ ಮೂರು ದಿನ ಬೆನ್ನು ನೆಲಕ್ಕೆ ತಾಗಿಸದೆ ಬ್ರೆಡ್ ಬೇಯಿಸಿ ಬೀದಿಬೀದಿಗೆ ಹಂಚಿದವನು. ಅವನ ಮಗ, ಅಂದರೆ ಮೇಸ್ತ್ರಿಯ ಅಜ್ಜ, ಭಟ್ಟಿಯ ಬಾಯೊಳಗೆ ಬರಿಗೈ ಚಾಚಿ ಎಂಟರವರೆಗೆ ಎಣಿಸಿ ಶಾಖ ಇಷ್ಟೇ ಎಂದು ಹೇಳುತ್ತಿದ್ದ. ಆ ತೋಳಿನ ಮೇಲೆ ಒಂದು ಕೂದಲೂ ಉಳಿದಿರಲಿಲ್ಲ. ಅಪ್ಪನೋ, ಚಿಟಿಕೆ ಹಿಟ್ಟನ್ನು ಬೆರಳ ನಡುವೆ ಹೊಸಕಿ ಯಾವ ಗಿರಣಿಯದು, ಬೀಸಿ ಎಷ್ಟು ದಿನವಾಯಿತು ಎಂದು ಹೇಳಿಬಿಡುತ್ತಿದ್ದ. ಇಂಥವರ ವಂಶದಲ್ಲಿ ಹುಟ್ಟಿದವನಿಗೆ ನಾಲಿಗೆ ಚುರುಕಾಗಿದ್ದರೆ ಅದರಲ್ಲಿ ಆಶ್ಚರ್ಯವೇನು?

ಅಜ್ಜನ ಕಾಲದಿಂದ ಆ ಮನೆಯಲ್ಲಿ ಒಂದು ಮಾತಿತ್ತು. ಆಗ ಬಿಸ್ಕತ್ತು ಉಬ್ಬಲಿ ಎಂದು ಹಾಕುತ್ತಿದ್ದದ್ದು ಅಮೋನಿಯಾ ಪುಡಿ. ಡಬ್ಬಿಯ ಮುಚ್ಚಳ ತೆಗೆದರೆ ಮೂಗು ಕಿತ್ತುಹೋಗುವ ಘಾಟು. ಮೊಮ್ಮಗ ಹೆದರಿ ಹಿಂದೆ ಸರಿದರೆ ಅಜ್ಜ ನಗುತ್ತಿದ್ದ. "ಇದು ತಿನ್ನೋರ ಹೊಟ್ಟೆಗೆ ಹೋಗಲ್ಲ ಕಣೋ. ಹಿಟ್ಟು ಉಬ್ಬಿಸಿ ಹಬೆಯಾಗಿ ಹಾರಿಹೋಗುತ್ತೆ." ಅಪ್ಪನ ಕಾಲಕ್ಕೆ ಆ ಡಬ್ಬಿಯ ಜಾಗಕ್ಕೆ ಅಡುಗೆ ಸೋಡಾದ ಡಬ್ಬಿ ಬಂದು ಕೂತಿತು. ಪುಡಿ ಬದಲಾಯಿತು, ಮಾತು ಮಾತ್ರ ಹಾಗೇ ಉಳಿಯಿತು.

ಮನೆಯ ಭಟ್ಟಿ ಆರಿದ ಮೇಲೆ ಮೇಸ್ತ್ರಿ ಬಿಸ್ಕತ್ತು ಕಾರ್ಖಾನೆ ಸೇರಿದ. ಹಿಟ್ಟು ಕಲಸುವ ಕೋಣೆಯಲ್ಲಿ ಮೂವತ್ತೆಂಟು ವರ್ಷ. ಹುಬ್ಬಿನ ಮೇಲೆ, ಕಿವಿಯ ಸಂದಿಯಲ್ಲಿ, ಊಟದ ಡಬ್ಬಿಯ ಹಿಡಿಯಲ್ಲಿ ಎಲ್ಲೆಲ್ಲೂ ಮೈದಾ. ಒಮ್ಮೆ ಯಂತ್ರದ ಪಟ್ಟಿಯ ಮೇಲೆ ಸಾಗುತ್ತಿದ್ದ ಬಿಸ್ಕತ್ತೊಂದನ್ನು ಎತ್ತಿ ಮುರಿದು ಬಾಯಿಗೆ ಹಾಕಿಕೊಂಡವನೇ, "ಎಣ್ಣೆ ಕೆಟ್ಟಿದೆ, ನಿಲ್ಸಿ" ಎಂದು ಕೈಯೆತ್ತಿದ. ಮೇಲಿನವರು ಗದರಿದರು. ಡಬ್ಬ ಒಡೆದು ನೋಡಿದರೆ ತಳದ ಎಣ್ಣೆ ಕಮಟು ಹಿಡಿದಿತ್ತು. ಅವತ್ತಿನಿಂದ ಅವನು ನಾಲಿಗೆ ಮೇಸ್ತ್ರಿ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲೇ ಉಳಿಯಿತು.

ಕೆಲಸದಿಂದ ನಿವೃತ್ತನಾದ ಮೇಲೆ ಅವನ ಮನೆಯ ಮೆಟ್ಟಿಲು ನ್ಯಾಯಸ್ಥಾನವಾಯಿತು. ಮಗುವಿಗೆ ಯಾವುದು ಕೊಡಲಿ, ಸಕ್ಕರೆ ಕಾಯಿಲೆಯವರಿಗೆ ಯಾವುದು ಆದೀತು ಎಂದು ಬೀದಿಯವರು ಪ್ಯಾಕೆಟ್ ಹಿಡಿದು ಬರುತ್ತಿದ್ದರು. ಮೇಸ್ತ್ರಿ ಹಿಂಬದಿಯ ಸಣ್ಣ ಅಕ್ಷರದ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಬಿಸ್ಕತ್ತನ್ನು ಹಳೇ ಕಾಗದಕ್ಕೆ ಉಜ್ಜಿ ಎಣ್ಣೆಯ ಕಲೆ ಎಷ್ಟು ಹರಡಿತು ನೋಡುವನು. ಲೋಟದ ನೀರಿಗೆ ಹಾಕಿ, ಕಂದು ಬಣ್ಣ ಗೋಧಿ ಬೂಸಾದ್ದೋ ಸುಟ್ಟ ಸಕ್ಕರೆಯದೋ ಹೇಳುವನು. ಕೊನೆಗೆ ಒಂದು ಚೂರು ನಾಲಿಗೆಯ ಮೇಲೆ. ಅಷ್ಟಾದರೆ ತೀರ್ಪು.

ಪಕ್ಕದ ಮನೆಯ ಟೈಲರ್ ಒಮ್ಮೆ ಏಳು ಧಾನ್ಯದ ಬಿಸ್ಕತ್ತು ತಂದ. ಆಳು ದಪ್ಪ, ಬಾಯಿ ಇನ್ನೂ ದೊಡ್ಡದು.

"ಏಳಂತೆ! ಆರು ಧಾನ್ಯ ಪ್ಯಾಕೆಟ್ಟಿನ ಚಿತ್ರದಲ್ಲಿವೆ, ಒಳಗಿರೋದು ಬರೀ ಮೈದಾ" ಎಂದ ಮೇಸ್ತ್ರಿ.

"ಹಾಗಾದ್ರೆ ಚಿತ್ರಾನೇ ತಿನ್ಲಾ ಮೇಸ್ತ್ರೀ?"

"ತಿನ್ನು. ಅದರಲ್ಲಿ ನಾರಾದ್ರೂ ಇದೆ."

ನಗಬೇಡಿ, ಆ ಮಾತು ಸುಳ್ಳಾಗಿರಲಿಲ್ಲ. ಎಣ್ಣೆ, ಬಣ್ಣ, ಸಕ್ಕರೆ, ಮೈದಾ, ಯಾವುದರಲ್ಲೂ ಅವನ ತೀರ್ಪು ತಪ್ಪಿದ್ದನ್ನು ಅದೇ ಬೀದಿಯ ನಾನು ಕಾಣೆ. ಅದಕ್ಕೇ ಮುಂದೆ ನಡೆದದ್ದು ನನ್ನ ಕರುಳು ಹಿಂಡುತ್ತದೆ.

ಮೇಸ್ತ್ರಿಯ ಹೆಂಡತಿಯ ಕಾಲು ಊದತೊಡಗಿತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರಮ್ಮ ನೋಡಿ, ಹೃದಯ ಸೋತಿದೆ, ಉಪ್ಪು ಮುಟ್ಟಿಸಬೇಡಿ, ಉಪ್ಪು ಹೆಚ್ಚಾದರೆ ಮೈಯಲ್ಲಿ ನೀರು ನಿಲ್ಲುತ್ತದೆ ಎಂದರು. ಮೇಸ್ತ್ರಿ ಅಂದೇ ಉಪ್ಪಿನ ಜಾಡಿಯನ್ನು ಅಟ್ಟದ ಮೇಲಿಟ್ಟ. ಸೌಟು ತಾನೇ ಹಿಡಿದ. ಆದರೆ ಉಪ್ಪಿಲ್ಲದ ಅನ್ನ ಆಕೆಯ ಗಂಟಲಿಳಿಯದು. ಎರಡು ತುತ್ತಿಗೆ ತಟ್ಟೆ ದೂಡುವಳು. ಮೈ ದಿನೇದಿನೇ ಇಳಿಯಿತು.

ಹಾಲಿಗೆ ಅದ್ದಿದ ಬಿಸ್ಕತ್ತು ಮಾತ್ರ ಒಳಗೆ ಹೋಗುತ್ತಿತ್ತು. ಸರಿ, ತನ್ನ ವಿದ್ಯೆಯನ್ನೆಲ್ಲ ಕಟ್ಟಿಕೊಂಡ ಹೆಂಡತಿಗಾಗಿ ಬಳಸಬೇಕು ಎಂದು ಅಂಗಡಿ ಅಂಗಡಿ ಸುತ್ತಿದ. ಇಪ್ಪತ್ತೊಂದು ಬಗೆ ತಂದ, ಉಜ್ಜಿದ, ನೆನೆಸಿದ, ಚಪ್ಪರಿಸಿದ. ಒಂದನ್ನು ಆರಿಸಿದ. ನಿಜವಾದ ಗೋಧಿ, ನಿಜವಾದ ಬೂಸಾ, ಒಳ್ಳೆಯ ಎಣ್ಣೆ, ಹದವಾದ ಸಿಹಿ. ನಾಲಿಗೆಗೆ ಉಪ್ಪಿನ ಸುಳಿವೇ ಇಲ್ಲ. ದಿನಕ್ಕೊಂದು ಪ್ಯಾಕೆಟ್ಟು, ಆಮೇಲೆ ಎರಡು. ಆಕೆ ತಿನ್ನುವುದನ್ನು ಎದುರಿಗೆ ಕೂತು, ಮಗು ತುತ್ತು ನುಂಗುವುದನ್ನು ತಾಯಿ ನೋಡುವ ಹಾಗೆ ನೋಡುವನು.

ಮಗಳಿಗೆ ಅಂಚೆ ಕಚೇರಿಯಲ್ಲಿ ಕೆಲಸ, ಮನೆ ಹಿಂದಿನ ಬೀದಿಯಲ್ಲಿ. ಒಂದು ಸಂಜೆ ಖಾಲಿ ಪ್ಯಾಕೆಟ್ ಎತ್ತಿ ಹಿಂಬದಿ ಓದಿದಳು.

"ಅಪ್ಪಾ, ಇದರಲ್ಲಿ ಸೋಡಿಯಂ ಅಂತ ಇಷ್ಟು ದೊಡ್ಡ ಅಂಕಿ ಇದೆ. ಅದೂ ಉಪ್ಪಿನ ಜಾತೀದೇ ಅಲ್ವಾ?"

"ಅದು ಸೋಡಾ ಕಣಮ್ಮ. ಭಟ್ಟೀಲೇ ಹಾರಿಹೋಗುತ್ತೆ."

"ಹಾರಿಹೋಗಿದ್ರೆ ಇಲ್ಲಿ ಯಾಕೆ ಬರೀತಾರೆ?"

"ಸೋಡಾ ಕಲಸಿ ಕಲಸಿ ಬೆರಳ ಗೆರೆ ಸವೆದಿರೋನಿಗೆ ಪಾಠ ಹೇಳ್ತೀಯಾ? ಹೋಗು, ಹೋಗಿ ಮುದ್ರೆ ಒತ್ತು."

ಮಗಳು ಪ್ಯಾಕೆಟ್ಟನ್ನು ಕಸದ ಬುಟ್ಟಿಗೆ ಹಾಕಿ, ತಾಯಿಯ ಕಾಲು ನೀವುತ್ತ ಕೂತಳು. ಒತ್ತಿದ ಕಡೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು.

ತಿಂಗಳೊಳಗೆ ಊತ ಮೊಣಕಾಲು ದಾಟಿತು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಆಕೆ ಕೂತೇ ತೂಕಡಿಸುವಳು. ಆಸ್ಪತ್ರೆಗೆ ಸೇರಿಸಿದರು. ಡಾಕ್ಟರಮ್ಮ ಏನೇನು ಕೊಡುತ್ತೀರಿ ಎಂದು ಕೇಳಿದಾಗ ಮೇಸ್ತ್ರಿ ಚೀಲದಿಂದ ಪ್ಯಾಕೆಟ್ ತೆಗೆದು ಹೆಮ್ಮೆಯಿಂದ ಮುಂದಿಟ್ಟ. "ನಾನೇ ರುಚಿ ನೋಡಿ ಆರಿಸಿದ್ದು ಡಾಕ್ಟ್ರೇ. ಚೂರೂ ಉಪ್ಪಿಲ್ಲ."

ಅವರು ಪ್ಯಾಕೆಟ್ ತಿರುಗಿಸಿ ನೋಡಿದರು. "ದಿನಕ್ಕೆ ಎಷ್ಟು?"

"ಎರಡು ಪ್ಯಾಕೆಟ್ಟು. ಅವಳಿಗೆ ಬೇರೇನೂ ಸೇರಲ್ಲ. ಸೋಡಾ ಇದ್ರೂ ಭಟ್ಟೀಲೇ ಹಾರಿಹೋಗಿರುತ್ತೆ."

"ಸೋಡಾದಲ್ಲಿ ಗಾಳಿ ಮಾತ್ರ ಹಾರಿಹೋಗೋದು ಯಜಮಾನ್ರೇ. ಸೋಡಿಯಂ ಬಿಸ್ಕತ್ತಲ್ಲೇ ಇರುತ್ತೆ. ನಾಲಿಗೆಗೆ ಗೊತ್ತಾಗಲ್ಲ, ಮೈಗೆ ಗೊತ್ತಾಗುತ್ತೆ." ಅವನ ಮುಖ ನೋಡಿ ದನಿ ತಗ್ಗಿಸಿದರು. "ಇದೊಂದರಿಂದಲೇ ಹೀಗಾಯ್ತು ಅಂತ ಹೇಳೋಕಾಗಲ್ಲ. ಹೃದಯ ಮೊದಲೇ ಸೋತಿತ್ತು. ಇನ್ನು ಮೇಲೆ ಇದು ಬೇಡ, ಅಷ್ಟೇ."

ಆ ಮಾತಿನ ಮೊದಲರ್ಧ ಅವನ ಎದೆಗೆ ನಾಟಿತು. ಉಳಿದದ್ದು ಕಿವಿಯ ಹೊರಗೇ ಉಳಿಯಿತು.

ಹತ್ತು ದಿನಕ್ಕೆ ಆಕೆಯನ್ನು ಮನೆಗೆ ಕರೆತಂದರು. ಮರುದಿನ ಬೆಳಿಗ್ಗೆ ಮೇಸ್ತ್ರಿ ಒಲೆಯ ಮೇಲೆ ಕಬ್ಬಿಣದ ಬಾಣಲೆ ಇಟ್ಟು ಒಂದು ಚಮಚ ಸೋಡಾ ಸುರಿದ. ಉರಿ ಹಚ್ಚಿ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಕಾಲು ಗಂಟೆ, ಅರ್ಧ ಗಂಟೆ, ಒಂದು ಗಂಟೆ. ಅಜ್ಜನ ಪುಡಿಯಾಗಿದ್ದರೆ ಅಷ್ಟರಲ್ಲಿ ಬಾಣಲೆ ತೊಳೆದಿಟ್ಟಂತೆ ಆಗುತ್ತಿತ್ತು. ಚಿಕ್ಕಂದಿನಲ್ಲಿ ಅದನ್ನು ಕಣ್ಣಾರೆ ಕಂಡಿದ್ದ. ಇದು ಬೆಳ್ಳಗೆ ತಳ ಹಿಡಿದು ಕೂತಿತ್ತು. ಅಜ್ಜ ಸುಳ್ಳು ಹೇಳಿರಲಿಲ್ಲ. ಒಂದು ಪುಡಿಯ ಗುಣವನ್ನು ಇನ್ನೊಂದಕ್ಕೆ ಅಂಟಿಸಿಕೊಂಡು, ಒಂದು ಸಲವೂ ಹೀಗೆ ಹುರಿದು ನೋಡದೆ, ಅಷ್ಟು ವರ್ಷ ಕಲಸಿದವನು ತಾನು.

ಒಳಗಿನಿಂದ ಹೆಂಡತಿ ಕೂಗಿದಳು. "ಏನ್ರೀ ಅದು, ಆಗಿಂದ ಹುರೀತಿದ್ದೀರಿ, ವಾಸನೇನೇ ಇಲ್ಲ. ಗಾಳಿ ಹುರೀತಿದ್ದೀರಾ?"

ಅವನು ಬಾಣಲೆಯನ್ನು ಬಟ್ಟೆಯಲ್ಲಿ ಹಿಡಿದು ತಂದು ತೋರಿಸಿದ. ಆಕೆ ಬಾಣಲೆ ನೋಡಿದಳು, ಅವನ ಮುಖ ನೋಡಿದಳು.

"ನಲವತ್ತು ವರ್ಷ ನನ್ನ ಅಡುಗೆಗೆ ಉಪ್ಪು ಜಾಸ್ತಿ ಅಂತ ಬೈದ್ರಿ. ಈಗ ಇಬ್ಬರದೂ ಸರಿಹೋಯ್ತು ಬಿಡಿ." ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ಏದುಸಿರಾಗಿ, ಅವನು ಬಾಣಲೆ ಕೆಳಗಿಟ್ಟು ಆಕೆಯ ಬೆನ್ನು ಹಿಡಿದು ಕೂತ.

ಎರಡು ತಿಂಗಳು ಕಳೆದು, ಬಿಸಿಲೇರಿದ ಒಂದು ಹೊತ್ತಲ್ಲಿ, ಕುರ್ಚಿಯಲ್ಲಿ ಕೂತ ಹಾಗೇ ಆಕೆ ಹೋದಳು.

ಆಮೇಲೆ ಮೆಟ್ಟಿಲ ಮೇಲಿನ ನ್ಯಾಯ ನಿಂತಿತು. ಯಾರಾದರೂ ಪ್ಯಾಕೆಟ್ ತಂದರೆ ಮೇಸ್ತ್ರಿ ಕೈ ಆಡಿಸಿ ಒಳಗೆ ಹೋಗುವನು. ವರ್ಷ ತುಂಬುವ ಹೊತ್ತಿಗೆ ಟೈಲರಿಗೆ ರಕ್ತದೊತ್ತಡ ಏರಿ, ಅವನಿಗೂ ಉಪ್ಪು ಬೇಡವೆಂದರು. ಈ ಸಲ ಅವನ ಬಾಯಲ್ಲಿ ತಮಾಷೆಯಿರಲಿಲ್ಲ.

"ಮೇಸ್ತ್ರೀ, ಇಲ್ಲ ಅನ್ನಬೇಡಿ. ನಿಮ್ಮನ್ನ ಬಿಟ್ಟು ನಾನು ಯಾರನ್ನ ಕೇಳ್ಲಿ? ಇದು ತಿನ್ನಬಹುದಾ?"

ಮೇಸ್ತ್ರಿ ಪ್ಯಾಕೆಟ್ಟನ್ನು ಕೈಗೆ ತೆಗೆದುಕೊಂಡ. ಒಡೆಯಲಿಲ್ಲ, ಮೂಸಲಿಲ್ಲ. ಕನ್ನಡಕ ತಂದು ಹಾಕಿಕೊಂಡು ಬಿಸಿಲಿಗೆ ಸರಿದು ಹಿಂಬದಿ ತಿರುಗಿಸಿದ. ಶಾಲೆಯ ಮೂರನೇ ತರಗತಿಗೆ ನಿಂತ ಓದು. ಕನ್ನಡದಲ್ಲೇ ಬರೆದಿದ್ದರೂ ಅಕ್ಷರವೋ ಸಾಸಿವೆಗಿಂತ ಸಣ್ಣದು. ಉಗುರನ್ನು ಅಕ್ಷರದ ಕೆಳಗೆ ಊರಿ, ತುಟಿ ಅಲ್ಲಾಡಿಸುತ್ತ, ಒಂದೊಂದನ್ನೇ ಕೂಡಿಸತೊಡಗಿದ. ಗೋ, ಧಿ. ಸ, ಕ್ಕ, ರೆ. ಸಾಲು ತಪ್ಪಿತು. ಮತ್ತೆ ಮೊದಲಿನಿಂದ. ಕಣ್ಣಲ್ಲಿ ನೀರು ತುಂಬಿತು. ಬಿಸಿಲಿಗೋ ಏನೋ, ನಾವು ಕೇಳಲಿಲ್ಲ.

ಕೆಲಸ ಮುಗಿಸಿ ಬಂದ ಮಗಳು ಬಾಗಿಲಲ್ಲಿ ನಿಂತು ನೋಡಿದಳು. ತಡೆಯಲಾರದೆ ಹತ್ತಿರ ಬಂದು ಕೈ ಚಾಚಿದಳು.

"ಕೊಡಪ್ಪಾ ಇಲ್ಲಿ. ನಾನು ಓದಿ ಹೇಳ್ತೀನಿ."

ಮೇಸ್ತ್ರಿ ಪ್ಯಾಕೆಟ್ಟನ್ನು ಎದೆಗೆ ಒತ್ತಿಕೊಂಡ.

"ಬೇಡ ಕಣಮ್ಮ. ನೀನು ಅವತ್ತೇ ಓದಿದ್ದೆ. ಓದಬೇಕಾಗಿದ್ದೋನು ನಾನು. ಬಿಡು, ಎಷ್ಟು ಹೊತ್ತಾದ್ರೂ ಆಗ್ಲಿ, ನಾನೇ ಓದ್ತೀನಿ."