ರಾಹುಕಾಲದ ಫ್ರೀ ಬೆಟ್

ಆ ಬೇಸಿಗೆಯಲ್ಲಿ ದೊಡ್ಡಮ್ಮನ ವೀಣೆ ಅಪಸ್ವರ ನುಡಿಯುತ್ತಿತ್ತು. ತಂತಿಗಳ ಕೆಳಗಿನ ಮೆಟ್ಟುಗಳನ್ನು ಹಿಡಿದಿಟ್ಟ ಮೇಣ ಸೆಖೆಗೆ ಮೆತ್ತಗಾಗಿ, ಒಂದೆರಡು ಮೆಟ್ಟು ಜಾರಿದ್ದವು. ಗಾಂಧಾರ ನುಡಿಸಿದರೆ ಅತ್ತ ಮಧ್ಯಮವೂ ಅಲ್ಲದ, ಇತ್ತ ಗಾಂಧಾರವೂ ಅಲ್ಲದ ಏನೋ ಒಂದು ಕೇಳುತ್ತಿತ್ತು. ಚಾಮರಾಜಪೇಟೆಯ ಒಂದು ರಾಮೋತ್ಸವದಲ್ಲಿ ಅವಳ ವೀಣಾವೃಂದಕ್ಕೆ ಒಂದು ಸಂಜೆ ಸಿಕ್ಕಿತ್ತು. ಹೊಸ ಮೇಣ ಹಾಕಿ ಮೆಟ್ಟು ಕೂರಿಸಲು ಬಳೇಪೇಟೆಯ ರಿಪೇರಿಯವರು ಸೋಮವಾರ ಬಂದು ವೀಣೆ ಒಯ್ಯುವುದೆಂದು ನಿಗದಿಯಾಗಿತ್ತು. ಅದಕ್ಕಾಗಿ ತೆಗೆದಿಟ್ಟಿದ್ದು ವಿಜಯದಶಮಿಯಂದು ಶಿಷ್ಯೆಯರು ಕೊಟ್ಟ ಗುರುದಕ್ಷಿಣೆ. ಬ್ಯಾಂಕಿಗೆ ಹಾಕಿ ಬನ್ನಿ ಎಂದು ಅದನ್ನು ದೊಡ್ಡಪ್ಪನ ಕೈಗೆ ಕೊಟ್ಟಿದ್ದಳು.

ದೊಡ್ಡಪ್ಪ ಬ್ಯಾಂಕಿಗೇ ಹಾಕಿದರು. ಆಮೇಲೆ ಬ್ಯಾಂಕಿನಿಂದ ಫೋನಿನ ಒಂದು ಕ್ರಿಕೆಟ್ ಬೆಟ್ಟಿಂಗ್ ಆಪ್‌ಗೆ ಹಾಕಿದರು.

ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೆಂದರೆ, ಯಾವುದು ಕಂಡದ್ದು, ಯಾವುದು ಹೇಳಿ ಹೇಳಿ ಬೆಳೆದದ್ದು ಎಂದು ಈಗ ನನಗೇ ಸರಿಯಾಗಿ ಗೊತ್ತಿಲ್ಲ. ಅಂದಿನ ದಿನಚರಿಯಲ್ಲಿ ಇರುವುದು ಇಷ್ಟೇ: ‘ಬಸವನಗುಡಿಯಲ್ಲಿ ಊಟ. ದೊಡ್ಡಪ್ಪನ ಫ್ರೀ ಬೆಟ್. ನಕ್ಕು ನಕ್ಕು ಪಕ್ಕೆ ನೋವು.’ ನಕ್ಕದ್ದಂತೂ ನಿಜ. ಮಿಕ್ಕಿದ್ದಕ್ಕೆ ನಾನು ಅರ್ಧ ಜವಾಬ್ದಾರಿ.

ಆಗ ನಾನು ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಭಾನುವಾರದ ಊಟ ಬಸವನಗುಡಿಯ ದೊಡ್ಡಮ್ಮನ ಮನೆಯಲ್ಲಿ. ಅವತ್ತು ಬಡಿಸುವಾಗ ದೊಡ್ಡಮ್ಮ ನನಗೆ ತುಪ್ಪ ಹಾಕಿ, ದೊಡ್ಡಪ್ಪನ ಎಲೆ ದಾಟಿ, ಮತ್ತೆ ನನಗೇ ಹಾಕಿದಳು.

“ಏನಾಯ್ತು?” ಎಂದೆ.

“ನಿಮ್ಮ ದೊಡ್ಡಪ್ಪನ್ನೇ ಕೇಳು. ನನ್ನ ವೀಣೆ ದುಡ್ಡಲ್ಲಿ ಹನ್ನೊಂದು ಜನ ಬ್ಯಾಟು ಹಿಡ್ಕೊಂಡು ಆಡ್ತಿದಾರೆ.”

“ಫ್ರೀ ಕಣೇ,” ಎಂದರು ದೊಡ್ಡಪ್ಪ ನನ್ನ ಕಡೆ ತಿರುಗಿ. “ನಾವು ಎಷ್ಟು ಹಾಕ್ತೀವೋ ಅಷ್ಟೇ ಅವರೂ ಆಡಕ್ಕೆ ಕೊಡ್ತಾರೆ. ಅವರ ದುಡ್ಡಲ್ಲಿ ಆಡೋದು, ನಮ್ಮದು ವಾಪಸ್ ತಗೊಳೋದು. ಹೋದ ಸೋಮವಾರ ರಾಹುಕಾಲ ಕಳೆದ ಮೇಲೇ ಹಾಕಿದೀನಿ.”

ದೊಡ್ಡಪ್ಪ ರಾಹುಕಾಲದಲ್ಲಿ ಬಲ್ಬು ಕೂಡ ಬದಲಾಯಿಸುವವರಲ್ಲ. ವಿಮಾ ಕಚೇರಿಯಲ್ಲಿದ್ದಷ್ಟು ವರ್ಷವೂ ಯಾವ ಪಾಲಿಸಿಗೂ ಆ ಹೊತ್ತಿನಲ್ಲಿ ಸಹಿ ಹಾಕಿರಲಿಲ್ಲವಂತೆ.

“ಬೇರೆ ದುಡ್ಡಲ್ಲಿ ಮೇಣ ಹಾಕಿಸೋಣ ಅಂದೆ. ಕೇಳಲ್ಲ ಇವಳು.”

“ಮಕ್ಕಳು ಕಾಲಿಗೆ ಬಿದ್ದು ಕೊಟ್ಟ ದುಡ್ಡು. ಅದರಲ್ಲೇ ಹಾಕಿಸ್ತೀನಿ. ಇಲ್ದಿದ್ರೆ ಈ ಸಲ ನಾನು ನುಡಿಸಲ್ಲ, ಉಳಿದವರು ನುಡಿಸ್ಕೊಳ್ಲಿ,” ಎಂದು ದೊಡ್ಡಮ್ಮ ಮಜ್ಜಿಗೆ ತರಲು ಹೋದಳು. ಅವಳು ಹಾಗೆ ಹೇಳಿದರೆ ಹಾಗೇ.

ಊಟವಾದ ಮೇಲೆ ದೊಡ್ಡಪ್ಪ ಫೋನು ನನ್ನ ಕೈಗಿಟ್ಟರು. “ನೀನು ಎಂ.ಎ. ಇಂಗ್ಲಿಷು. ಷರತ್ತು ಓದು. ಅವಳಿಗೂ ಕೇಳಿಸ್ಲಿ.”

ಷರತ್ತುಗಳು ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿದ್ದವು. ನಾನು ಎರಡು ಬೆರಳಲ್ಲಿ ಹಿಗ್ಗಿಸಿ ಓದುತ್ತಾ ಕನ್ನಡದಲ್ಲಿ ಹೇಳುತ್ತಾ ಹೋದೆ. ಫ್ರೀ ಬೆಟ್ ಅವತ್ತಿನ ರಾತ್ರಿಯ ಪಂದ್ಯಕ್ಕೆ ಮಾತ್ರ, ಸಂಜೆ ಆರರೊಳಗೆ ಕಟ್ಟಬೇಕು. ಗೆದ್ದರೆ ಗೆದ್ದ ಲಾಭ ಮಾತ್ರ ನಮ್ಮ ಖಾತೆಗೆ, ಅವರು ಕೊಟ್ಟ ಮೊತ್ತ ಅವರಿಗೇ. ಆ ಲಾಭವನ್ನೂ ಕೂಡಲೇ ತೆಗೆಯುವಂತಿಲ್ಲ. ಅದರ ಐದು ಪಟ್ಟು ಮೊತ್ತಕ್ಕೆ ಮತ್ತೆ ಬೆಟ್ ಕಟ್ಟಿ ಆಡಿರಬೇಕು. ಅದೂ ಗೆಲ್ಲುವುದು ಖಾತ್ರಿಯಿರುವ ತಂಡದ ಮೇಲಲ್ಲ. ಫ್ರೀ ಬೆಟ್ ಬಳಸಿದ ಗಳಿಗೆಯಿಂದ ಅಲ್ಲಿಯವರೆಗೆ ನಾವು ಹಾಕಿದ ಸ್ವಂತ ದುಡ್ಡಿಗೂ ಬೀಗ.

“ಅಂದ್ರೆ ಗೆದ್ರೂ ನಂದಲ್ವಾ?”

“ನಿಮ್ದೇ ದೊಡ್ಡಪ್ಪ. ಮುಟ್ಟೋ ಹಾಗಿಲ್ಲ, ಅಷ್ಟೆ.”

ದೊಡ್ಡಮ್ಮ ಸೊಪ್ಪು ಬಿಡಿಸುತ್ತಾ ಅಲ್ಲೇ ಕೂತಿದ್ದಳು. “ವಿಶ್ವೇಶ್ವರಪುರದ ತಿಂಡಿ ಬೀದೀಲಿ ಒಂದು ದೋಸೆ ಫ್ರೀ ಅಂತ ಕರೀತಾರೆ ಅನ್ಕೋ. ತಿಂದ್ಮೇಲೆ, ಇನ್ನೂ ಐದು ದೋಸೆ ದುಡ್ಡು ಕೊಟ್ಟು ತಿನ್ನೋವರೆಗೂ ಚಪ್ಪಲಿ ಕೊಡಲ್ಲ ಅಂತಾರೆ. ಅದೂ ಒಂಟಿ ಕಾಲಲ್ಲಿ ನಿಂತು ತಿನ್ಬೇಕು.”

ನನಗೆ ಅಲ್ಲಿಂದಲೇ ನಗು ಹತ್ತಿತು. ದೊಡ್ಡಪ್ಪ ನಗಲಿಲ್ಲ. ಟಿವಿಯಲ್ಲಿ ಮಧ್ಯಾಹ್ನದ ಪಂದ್ಯದ ಕಡೆ ತಿರುಗಿದರು. ನಾನು ಕೊನೆಯ ಷರತ್ತು ಓದಿದೆ: ಆರರೊಳಗೆ ಬಳಸದಿದ್ದರೆ ಫ್ರೀ ಬೆಟ್ ರದ್ದು, ಗ್ರಾಹಕರು ಸ್ವಂತ ಹಣವನ್ನು ವಾಪಸ್ ಪಡೆಯಬಹುದು.

“ಇನ್ನೊಂದ್ಸಲ ಓದು,” ಎಂದಳು ದೊಡ್ಡಮ್ಮ, ಮೆಲ್ಲಗೆ. ಹಾಗೆ ಅಂದಳೆಂದು ನನ್ನ ನೆನಪು. ಅವಳು ಈಗಲೂ ಇಲ್ಲವೆನ್ನುತ್ತಾಳೆ.

ಅದನ್ನು ನಾನು ದೊಡ್ಡಪ್ಪನಿಗೂ ಹೇಳಿದೆ. “ಕಟ್ಟದೇ ಇದ್ರೆ ನಿಮ್ಮ ದುಡ್ಡು ಬರುತ್ತೆ. ಬಿಟ್ಬಿಡಿ.”

“ಸುಮ್ನೆ ಬಂದಿರೋದನ್ನ ಹಾಳು ಮಾಡೋದಾ?” ಎಂದರು. ಅವರ ದನಿಯಲ್ಲಿ ನಿಜವಾದ ನೋವಿತ್ತು. ನಿನ್ನೆಯ ಇಡ್ಲಿ ಪುಡಿಮಾಡಿ ಉಪ್ಪಿಟ್ಟು ಮಾಡುವ ಮನೆ ಅದು. ಹುಳಿ ಮಜ್ಜಿಗೆ ಕೂಡ ಚೆಲ್ಲುವುದಿಲ್ಲ. ಆರು ಗಂಟೆಗೆ ಹಳಸುವ ಫ್ರೀ ಬೆಟ್ಟನ್ನು ಹೇಗೆ ಚೆಲ್ಲುತ್ತಾರೆ? ಆಪ್ ಮಾಡಿದವರಿಗೆ ಬಸವನಗುಡಿಯ ಅಡುಗೆಮನೆ ಗೊತ್ತಿತ್ತೋ ಏನೋ.

ಐದಕ್ಕೆ ಕಾಲು ಗಂಟೆ ಇರುವಾಗ ಅವರು ತಂಡ ಆರಿಸಿದರು. ವಾರವಿಡೀ ಹುಡುಗಿ ನೋಡುವವರಂತೆ ಎರಡೂ ತಂಡಗಳ ಗುಣದೋಷ ನೋಡಿದ್ದರು. ಕನ್ನಡಕ ಏರಿಸಿ, ಬೆರಳು ಎತ್ತಿದರು.

ಅಡುಗೆಮನೆಯಿಂದ ದೊಡ್ಡಮ್ಮ, “ಏನೂಂದ್ರೆ, ಭಾನುವಾರ ಅಲ್ವಾ ಇವತ್ತು? ನಾಲ್ಕೂವರೆ ಆಗೋಯ್ತಲ್ಲ,” ಎಂದಳು.

ಬೆರಳು ಕಾದ ಹೆಂಚು ಮುಟ್ಟಿದಂತೆ ಹಿಂದೆ ಬಂತು. ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರು.

“ಆರರವರೆಗೂ ಇದೆ,” ಎಂದರು ದೊಡ್ಡಪ್ಪ. ಆಮೇಲೆ ಫೋನು ನೋಡಿದರು. “ಇದೂ ಆರಕ್ಕೇ ಮುಗಿಯುತ್ತೆ.” ಸ್ವಲ್ಪ ಹೊತ್ತು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತು, “ಅದು ಮುಗಿಯೋದಕ್ಕೂ ಇದು ಮುಗಿಯೋದಕ್ಕೂ ಮಧ್ಯೆ ಒಂದು ಗಳಿಗೆ ಇರ್ಲೇಬೇಕು,” ಎಂದರು.

ನಾನು ಆಗ ಬಾಯಿ ಮುಚ್ಚಿಕೊಂಡಿರಬೇಕಿತ್ತು. “ಸೂರ್ಯೋದಯದ ಪ್ರಕಾರ ಲೆಕ್ಕ ಹಾಕ್ತಾರಲ್ವಾ ದೊಡ್ಡಪ್ಪ?” ಎಂದೆ.

ಅವರ ಮುಖ ಅರಳಿತು. “ಬೇಸಿಗೆ. ಸೂರ್ಯ ಬೇಗ ಹುಟ್ತಾನೆ. ರಾಹುಕಾಲನೂ ಬೇಗ ಮುಗೀಬೇಕು.” ಪಂಚಾಂಗ ತೆಗೆದರು, ಲೆಕ್ಕ ಹಾಕಿದರು. ಮುಖ ಮತ್ತೆ ಮುದುಡಿತು. ಹಗಲನ್ನು ಎಂಟು ಪಾಲು ಮಾಡಿದರೆ ಭಾನುವಾರ ರಾಹುವಿನದು ಕೊನೆಯ ಪಾಲು. ಸೂರ್ಯ ಮುಳುಗುವವರೆಗೂ ಅವನದೇ ರಾಜ್ಯ. ಅಂದರೆ ಆರೂವರೆ.

“ಕ್ಯಾಲೆಂಡರ್ ಲೆಕ್ಕನೇ ಇರ್ಲಿ,” ಎಂದು ಪಂಚಾಂಗ ಮುಚ್ಚಿಟ್ಟರು.

ಕೊನೆಯ ಹತ್ತು ನಿಮಿಷ ಮೂವರೂ ಹಾಲಿನಲ್ಲಿ ಕೂತಿದ್ದೆವು. ದೊಡ್ಡಪ್ಪನ ಒಂದು ಕಣ್ಣು ಗೋಡೆ ಗಡಿಯಾರದ ಮೇಲೆ, ಒಂದು ಫೋನಿನ ಮೇಲೆ. ದೊಡ್ಡಮ್ಮ ಕಾಫಿ ತಂದು, ವಾರದಲ್ಲಿ ಮೊದಲ ಬಾರಿಗೆ ಅವರ ಲೋಟವನ್ನೂ ಇಟ್ಟಳು. ನಾನು ಸೋಫಾದ ದಿಂಬು ಕಚ್ಚಿಕೊಂಡಿದ್ದೆ.

“ಕುಡೀರಿ, ಆರೋಗುತ್ತೆ.”

“ಈಗ ಮಾತಾಡ್ಸಬೇಡ ಕಣೇ.”

ಮುಳ್ಳು ಆರಕ್ಕೆ ಬಂತು. ದೊಡ್ಡಪ್ಪ ಕಣ್ಣು ಮುಚ್ಚಿ ಒತ್ತಿದರು. ಖಚಿತವೇ ಎಂದು ಫೋನು ಕೇಳಿತು. ಕಣ್ಣು ತೆರೆದು ಮತ್ತೆ ಒತ್ತಿದರು. ಹಸಿರಾಗಿದ್ದ ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿ, ಕೊಡುಗೆ ಮುಗಿದಿದೆ ಎಂದಿತು.

ಮೊದಲು ನಕ್ಕದ್ದು ನಾನು. ಆಮೇಲೆ ದೊಡ್ಡಮ್ಮ, ಸೆರಗು ಬಾಯಿಗೆ ಒತ್ತಿಕೊಂಡು. ಕೊನೆಗೆ ದೊಡ್ಡಪ್ಪನೂ, ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಕಾಫಿ ಮೇಜಿನ ಮೇಲೆಲ್ಲ ಚೆಲ್ಲಿತು. ಆ ಮನೆಯಲ್ಲಿ ಏನಾದರೂ ಚೆಲ್ಲಿ ಯಾರೂ ಬೇಸರಪಡದ್ದು ಅದೊಂದೇ ಸಲ.

ಕಣ್ಣೊರೆಸಿಕೊಂಡು ಸ್ವಂತ ಹಣ ವಾಪಸ್ ಪಡೆಯುವ ಗುಂಡಿ ಹುಡುಕಿಕೊಟ್ಟೆ. ದೊಡ್ಡಪ್ಪ ಒತ್ತಿದರು. ಸೂರ್ಯ ಇನ್ನೂ ಮುಳುಗಿರಲಿಲ್ಲ ಎಂದು ನಾನು ನೆನಪಿಸಲಿಲ್ಲ. ಮರುದಿನ ದುಡ್ಡು ಬ್ಯಾಂಕಿಗೆ ಬಂತು, ಸಂಜೆ ಬಳೇಪೇಟೆಯವರು ಬಂದು ವೀಣೆ ಒಯ್ದರು.

ಅಂದ ಹಾಗೆ, ಆ ರಾತ್ರಿ ದೊಡ್ಡಪ್ಪ ಆರಿಸಿದ ತಂಡವೇ ಗೆದ್ದಿತು. “ನಾನು ಹೇಳಿರ್ಲಿಲ್ವಾ?” ಎಂದು ವಾರವಿಡೀ ಹೇಳಿದರಂತೆ. “ಹೇಳಿದ್ರಿ. ಇನ್ನೂ ಐದು ದೋಸೆ ಬಾಕಿ ಇತ್ತು,” ಎಂದು ದೊಡ್ಡಮ್ಮ ಅಷ್ಟೂ ಸಲ ಅಂದಳಂತೆ. ಈಗ ಕಾನೂನು ಬಂದು ಅಂಥ ಆಪ್‌ಗಳಿಗೆ ಬಾಗಿಲು ಬಿದ್ದಿದೆ. ದೊಡ್ಡಪ್ಪ ಅದಕ್ಕೆ ಮೊದಲೇ ಫೋನಿನಿಂದ ತೆಗೆದುಹಾಕಿದ್ದರು.

ವೀಣಾವೃಂದದ ಸರದಿ ರಾಮೋತ್ಸವದ ಕೊನೆಯ ಭಾನುವಾರ ಬಂತು. ಚಪ್ಪರದ ಮೊದಲ ಸಾಲಿನಲ್ಲಿ ದೊಡ್ಡಪ್ಪ, ಪಕ್ಕದಲ್ಲಿ ನಾನು. ದೊಡ್ಡಮ್ಮ ಕೂತು, ಶ್ರುತಿ ಸೇರಿಸಿ, ಗಾಂಧಾರವನ್ನು ಒಮ್ಮೆ ಮೀಟಿ ನಮ್ಮ ಕಡೆ ನೋಡಿದಳು. ಸ್ವರ ಸೂಜಿ ಇಟ್ಟ ಹಾಗೆ ನಿಂತಿತ್ತು. ಆಗ ದೊಡ್ಡಪ್ಪ ಕೈಗಡಿಯಾರ ನೋಡಿಕೊಂಡು ನನ್ನ ಕಡೆ ಬಗ್ಗಿದರು.

“ಐದು ಗಂಟೆ ಕಣೇ. ರಾಹುಕಾಲದಲ್ಲಿ ಶುರು ಮಾಡ್ತಿದಾಳೆ.”

ಕಚೇರಿ ಮುಗಿದು ಕೋಸಂಬರಿ ಪಾನಕದ ಸಾಲಿನಲ್ಲಿ ನಿಂತಾಗ ಆ ಭಾನುವಾರ ರಾಹುಕಾಲ ನೆನಪಿಸಿದವಳೇ ಇವತ್ತು ಅದರಲ್ಲಿ ಶುರು ಮಾಡಿದ್ದೇಕೆ ಎಂದು ನಾನು ದೊಡ್ಡಮ್ಮನನ್ನು ಕೇಳಿದೆ.

“ನಾನ್ಯಾವತ್ತು ನೋಡಿದೀನೇ ರಾಹುಕಾಲ?” ಎಂದ ಅವಳು ದೊಡ್ಡಪ್ಪನಿಗೆ ಇನ್ನೊಂದು ಲೋಟ ಪಾನಕ ಕೇಳಿ ಪಡೆದಳು.