ಖಾನಾಪುರದಲ್ಲಿ ಮುಗಿದ ಸಿನೆಮಾ

ಮದುವೆ ಊಟ ಮುಗಿಸಿ ಕೈ ತೊಳೆಯುವ ಮೊದಲೇ ಹುಗ್ಗಿಗೆ ಎಷ್ಟನೆಯ ಸ್ಥಾನ, ಬದನೆಕಾಯಿ ಪಲ್ಯಕ್ಕೆ ಎಷ್ಟನೆಯದು ಎಂದು ತೀರ್ಮಾನಿಸುವವನು ನಾನು. ಇದೊಂದು ರೋಗವೆಂದು ನನ್ನ ಹೆಂಡತಿಯ ಅಭಿಪ್ರಾಯ. ಆದರೆ ನವರಸಗಳಲ್ಲಿ ಯಾವುದು ದೊಡ್ಡದೆಂದು ನಮ್ಮ ಹಳೆಯ ಪಂಡಿತರು ತಲೆಮಾರುಗಟ್ಟಲೆ ಕಾದಾಡಿಲ್ಲವೆ? ಅವರ ಹೆಂಡಿರು ಏನೆಂದರೋ ಯಾವ ಗ್ರಂಥದಲ್ಲೂ ಇಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು ಈ ರೋಗ ನನಗೊಬ್ಬನಿಗೇ ಇರಲಿಲ್ಲ. ಒಬ್ಬ ಬರೆದು ಇನ್ನೊಬ್ಬ ನಿರ್ದೇಶಿಸುತ್ತಿದ್ದ ಒಂದು ಹೆಸರಾಂತ ಜೋಡಿಯ ಚಿತ್ರಗಳೆಂದರೆ ನಮ್ಮ ಆಫೀಸಿನ ಮೂವರಿಗೆ ಪ್ರಾಣ. ಹಿರಿಯರಾದ ದಸ್ತಗೀರ ಸಾಹೇಬರು, ಖಾನಾಪುರದಿಂದ ದಿನವೂ ಬರುತ್ತಿದ್ದ ಪರಶುರಾಮ, ಅನಗೋಳದ ನಾನು. ಆಫೀಸಿನ ಹತ್ತಿರ, ಕ್ಯಾಂಪ್ ಬಡಾವಣೆಯ ಚಹಾದಂಗಡಿಯಲ್ಲಿ ಆ ಚಿತ್ರಗಳಿಗೆ ನಂಬರ್ ಕೊಡುತ್ತ ಚಹಾ ಆರಿಸುತ್ತಿದ್ದೆವು. ಸಾಹೇಬರಿಗೆ ಹಾಡು ಚೆನ್ನಾಗಿದ್ದರೆ ಸಾಕು, ನನಗೆ ನಗಿಸಬೇಕು. ಪರಶುರಾಮ ಮಾತ್ರ ನಾವಿಬ್ಬರೂ ಕಟ್ಟಕಡೆಗೆ ತಳ್ಳಿದ್ದ ಅಣ್ಣತಮ್ಮಂದಿರ ಕಥೆಯನ್ನು ಮೊದಲಿಗೇ ಇಡುತ್ತಿದ್ದ. ಯಾಕೆಂದು ಎಷ್ಟು ಕೆದಕಿದರೂ ಬಾಯಿ ಬಿಡುತ್ತಿರಲಿಲ್ಲ.

"ಒಂದ ತಾಟಿನ್ಯಾಗ ಉಂಡವರು ಕಡೀಕ ಚೂರಿ ಹಾಕ್ತಾರ. ಇದೆಂಥಾ ಕಥಿಪಾ?" ಎಂದು ಒಂದು ದಿನ ಅಣಕಿಸಿದೆ.

ಪರಶುರಾಮ ಕಪ್ಪು ಕೆಳಗಿಟ್ಟ. "ಯಾರು ಯಾರಿಗೆ ಚೂರಿ ಹಾಕ್ಯಾರ್ರಿ?"

ಆಗ ಸಂಗತಿ ಹೊರಬಿತ್ತು. ಅವನ ಊರಿನ ಟಾಕೀಜಿನಲ್ಲಿ, ಹಳ್ಳಿಯವರಿಗೆ ಕಡೆಯ ಬಸ್ಸು ತಪ್ಪಬಾರದೆಂದು, ಉದ್ದನೆಯ ಚಿತ್ರಗಳ ಕೊನೆಯ ರೀಲನ್ನು ಸಂಜೆಯ ಆಟಕ್ಕೆ ಹಾಕುತ್ತಲೇ ಇರಲಿಲ್ಲವಂತೆ. ಚಿತ್ರದ ಅಣ್ಣತಮ್ಮಂದಿರು ಒಂದೇ ತಾಟಿಗೆ ಕೈ ಹಾಕುವಲ್ಲಿಗೆ ಟಾಕೀಜಿನ ದೀಪ ಹತ್ತಿತ್ತು. ಹೊಲದ ಬದುವಿನ ಜಗಳದಲ್ಲಿ ಅಣ್ಣನೊಡನೆ ಮಾತು ಬಿಟ್ಟಿದ್ದ ಪರಶುರಾಮ ಅಲ್ಲಿಂದ ನೆಟ್ಟಗೆ ಅಣ್ಣನ ಮನೆಗೆ ಹೋಗಿ ಊಟಕ್ಕೆ ಕುಳಿತನಂತೆ. ಅಂದಿನಿಂದ ಇಬ್ಬರೂ ಚೆನ್ನಾಗಿದ್ದರು.

ನನ್ನ ನಾಲಿಗೆಗೆ ನಾನೇ ಶಾಪ ಹಾಕಿಕೊಂಡೆ. ಅದರ ಮೇಲೆ ಆ ಭಾನುವಾರವೇ ಕೇಬಲ್ಲಿನಲ್ಲಿ ಅದೇ ಚಿತ್ರ. ಅಣ್ಣನೂ ನೋಡುತ್ತಾನೆ, ಬದುವಂತೂ ಇದ್ದಲ್ಲೇ ಇದೆ. ನೋಡಬೇಡವೆಂದು ಪರಶುರಾಮನಿಗೆ ಹೇಳಲು ಹೊರಟ ನನ್ನನ್ನು ಸಾಹೇಬರು ತಡೆದರು; ಬೇಡವೆಂದದ್ದನ್ನು ನೋಡದವನು ಇನ್ನೂ ಹುಟ್ಟಿಲ್ಲ ಎಂದರು. ಭಯವೇನೋ ಆಗಿತ್ತು. ಆದರೆ ಏನಾಗುತ್ತದೋ ನೋಡೋಣವೆಂಬ ಕೆಟ್ಟ ಕುತೂಹಲ ಅದಕ್ಕಿಂತ ಜಾಸ್ತಿಯೇ ಇತ್ತು.

ಸೋಮವಾರ ಪರಶುರಾಮ ಬಂದ. ಅಣ್ಣನ ಪಕ್ಕದಲ್ಲೇ ಕೂತು ಪೂರ್ತಿ ನೋಡಿದನಂತೆ. ಚೂರಿ ಕಂಡಾಗ ಅಣ್ಣ ಏನೆಂದ ಎಂದು ಕೇಳಿದೆ.

"'ತಮ್ಮಾ, ಇವರು ಕಥಿ ಕೆಡಿಸ್ಯಾರ, ಏಳು, ಉಣ್ಣೂಣು' ಅಂದ." ಪರಶುರಾಮ ಚಹಾ ಮುಗಿಸಿ ತೀರ್ಪು ಕೊಟ್ಟ. "ಅವರು ತಗದದ್ದನ್ನ ನೀವು ಹೇಳಿದಂಗ ಕಡೀಕ ಇಡ್ರಿ. ನಾ ನೋಡಿದ್ದು ಮದಲಿಗೆ ಇರಲಿ."

ಸಾಹೇಬರು ತಲೆಯಾಡಿಸಿದರು. ನಾನೂ ತಕರಾರೆತ್ತಲಿಲ್ಲ. ಹೀಗೆ ನಾವು ಮೂವರೂ ಒಪ್ಪಿ ಮೊದಲ ಸ್ಥಾನ ಕೊಟ್ಟ ಒಂದೇ ಒಂದು ಚಿತ್ರವನ್ನು ನಾನೂ ಸಾಹೇಬರೂ ನೋಡಿಯೇ ಇಲ್ಲ.